ಬಳಿ ಬೇರೆ, ವಂಶವಾಹಿ ಒಂದೇ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಬಂಟರು, ಬಿಲ್ಲವರು ಮುಂತಾದವರಲ್ಲಿ ಮದುವೆ ಮಾತು ಬಂದಾಗ ಕೇಳುವ ಮೊದಲ ಪ್ರಶ್ನೆ, 'ಬಳಿ ಯಾವುದು?' ತಾಯಿಯಿಂದ ಬರುವ ಈ ಬಳಿ ಒಂದೇ ಆದರೆ ಹುಡುಗ ಹುಡುಗಿ ಅಣ್ಣ ತಂಗಿಯರ ಲೆಕ್ಕ. ಮಾತು ಅಲ್ಲಿಗೇ ಮುಗಿಯಿತು. ಹಾಗಾಗಿ ಘಟ್ಟದ ಮೇಲೆ ರೂಢಿಯಲ್ಲಿದ್ದ ಅಕ್ಕನ ಮಗಳ ಜೊತೆಗಿನ ಮದುವೆಗೆ ಇಲ್ಲಿ ಜಾಗವಿಲ್ಲ. ಹಿರಿಯರ ಜಾಣತನ ಮೆಚ್ಚತಕ್ಕದ್ದೇ. ಆದರೆ ಸೋದರಮಾವನ ಮಗಳ ಬಳಿ ಆಕೆಯ ತಾಯಿಯದು, ಅಂದರೆ ಬೇರೆ. ಸಂಬಂಧಕ್ಕೆ ಅಡ್ಡಿಯಿಲ್ಲ. ಜೀವವಿಜ್ಞಾನದ ಲೆಕ್ಕ ಮಾತ್ರ ಇದನ್ನು ಒಪ್ಪುವುದಿಲ್ಲ. ಈ ಇಬ್ಬರ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಪಾಲು ಒಂದೇ ಅಜ್ಜ ಅಜ್ಜಿಯಿಂದ ಬಂದದ್ದು.

ಎಳೆಮಕ್ಕಳ ಮೂತ್ರಪಿಂಡದ ಹಲವು ಅಪರೂಪದ ಕಾಯಿಲೆಗಳು ಕಾಣಿಸಿಕೊಳ್ಳುವುದು ದೋಷವುಳ್ಳ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದಾಗ. ಒಂದೇ ಪ್ರತಿ ಇರುವ ತಂದೆ ತಾಯಿ ಆರೋಗ್ಯವಾಗಿಯೇ ಇರುತ್ತಾರೆ. ದೂರದವರ ಮದುವೆಯಲ್ಲೂ ಇದು ಆಗಬಹುದು; ಸಂಬಂಧದೊಳಗೆ ಸಾಧ್ಯತೆ ಹೆಚ್ಚು.

ಇವುಗಳಲ್ಲಿ ಒಂದನ್ನು ಎಲ್ಲರೂ ತಿಳಿದಿರಬೇಕು. ಹೆಸರು ಡಿಸ್ಟಲ್ ರೀನಲ್ ಟ್ಯುಬ್ಯುಲರ್ ಅಸಿಡೋಸಿಸ್. ಹೆಸರಷ್ಟೇ ಕಠಿಣ, ಸಂಗತಿ ಸರಳ. ದೇಹದಲ್ಲಿ ದಿನವೂ ಉತ್ಪತ್ತಿಯಾಗುವ ಆಮ್ಲವನ್ನು ಮೂತ್ರಪಿಂಡದ ಸೂಕ್ಷ್ಮನಾಳಗಳು ಹೊರಹಾಕಬೇಕು. ಈ ಮಕ್ಕಳಲ್ಲಿ ಆ ಕೆಲಸ ನಡೆಯುವುದಿಲ್ಲ. ರಕ್ತ ಆಮ್ಲೀಯವಾಗುತ್ತದೆ, ಅದನ್ನು ಸರಿದೂಗಿಸಲು ಮೂಳೆಯ ಸುಣ್ಣ ಕರಗುತ್ತದೆ, ಕರಗಿದ ಸುಣ್ಣ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮಗು ಪದೇ ಪದೇ ವಾಂತಿ ಮಾಡುತ್ತದೆ, ಅತಿಯಾಗಿ ಮೂತ್ರ ಮಾಡುತ್ತದೆ, ಹಾಲು ಕುಡಿದರೂ ತೂಕ ಏರುವುದಿಲ್ಲ. ಮುಂದೆ ಕಾಲು ಬಾಗುತ್ತದೆ. ವಿಟಮಿನ್ ಡಿ ಕೊಟ್ಟರೂ ನೆಟ್ಟಗಾಗದು. ಕೆಲವರಿಗೆ ಕಿವಿಯೂ ಕೇಳುವುದಿಲ್ಲ. ಮನೆಯವರು ದೃಷ್ಟಿ ತಾಗಿದೆ ಎಂದು ನೂಲು ಕಟ್ಟಿಸುತ್ತಾರೆ, ಬಾಲಗ್ರಹದ ಮದ್ದು ಅರೆಯುತ್ತಾರೆ. ತಿಂಗಳುಗಳು ಕಳೆಯುತ್ತವೆ.

ಔಷಧವೋ ತೀರಾ ಅಗ್ಗ. ಅಡುಗೆ ಸೋಡಾ ಎಂದು ಕರೆಯುವ ಸೋಡಿಯಂ ಬೈಕಾರ್ಬೊನೇಟ್, ಇಲ್ಲವೇ ಸಿಟ್ರೇಟ್ ದ್ರಾವಣ. ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಬೇಕು, ಮದ್ದು ಜೀವನಪೂರ್ತಿ ಬೇಕು. ಬೇಗ ಆರಂಭಿಸಿದರೆ ಮಗು ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ. ಪತ್ತೆಗೆ ರಕ್ತದ ಬೈಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ, ಮೂತ್ರದ ಆಮ್ಲೀಯತೆ, ಹೊಟ್ಟೆಯ ಸ್ಕ್ಯಾನ್ ಸಾಕಷ್ಟು ಸುಳಿವು ಕೊಡುತ್ತವೆ.

ಎಲ್ಲ ಕಾಯಿಲೆಗಳೂ ಇಷ್ಟು ಸುಲಭವಲ್ಲ. ಹುಟ್ಟಿದ ಮೂರು ತಿಂಗಳೊಳಗೆ ಮೈ ಊದಿಕೊಂಡು ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆಯೊಂದಿದೆ. ಫಿನ್ಲೆಂಡ್‌ನಲ್ಲಿ ಹೆಚ್ಚಾಗಿ ಕಾಣುವ ಇದರ ವಂಶವಾಹಿ ಪತ್ತೆಯಾದದ್ದು 1998ರಲ್ಲಿ. ಮೂತ್ರಪಿಂಡದ ತುಂಬ ನೀರುಗುಳ್ಳೆಗಳಾಗುವ ಇನ್ನೊಂದು ಕಾಯಿಲೆಯಲ್ಲಿ ಕೆಲವು ಶಿಶುಗಳು ಉಸಿರಾಡಲಾಗದೆ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತವೆ. ಬದುಕಿದವರಿಗೆ ಮುಂದೆ ಮೂತ್ರಪಿಂಡದ ಕಸಿ ಬೇಕಾಗಬಹುದು. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಇದೂ ಸೇರಿದೆ. ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು.

ಇಂತಹ ಒಂದು ಮಗು ಹುಟ್ಟಿದ ಮನೆಯಲ್ಲಿ ಪ್ರತಿ ಮುಂದಿನ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. 'ಮೊದಲನೆಯದಕ್ಕೆ ಆಯಿತು, ಇನ್ನು ಮೂರು ಸುರಕ್ಷಿತ' ಎಂಬ ಲೆಕ್ಕ ತಪ್ಪು. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆಯ ನೆನಪಿರುವುದಿಲ್ಲ. ಬಸಿರಿನ ಹನ್ನೊಂದನೇ ವಾರದ ನಂತರ ಪರೀಕ್ಷಿಸಿ ತಿಳಿಯಬಹುದು, ಆದರೆ ಯಾವ ದೋಷ ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ವೈದ್ಯಕೀಯ ತಳಿಶಾಸ್ತ್ರ ವಿಭಾಗವಿದೆ. ಮಗು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ ಆ ದುಃಖದ ಹೊತ್ತಿನಲ್ಲೂ ಪರೀಕ್ಷೆಗಾಗಿ ಅದರ ಸ್ವಲ್ಪ ರಕ್ತ ತೆಗೆದಿಡಲು ಮನೆಯ ಯಾರಾದರೊಬ್ಬರು ಕೇಳಬೇಕು.