ಲ್ಯಾಪ್‌ಟಾಪ್ ಮತ್ತು ಬಾಹ್ಯ ಹಾರ್ಡ್ ಡಿಸ್ಕ್‌ಗಳ ತೊಂದರೆಗಳು: ಮನೆಯಲ್ಲಿಯೇ ಮಾಡಬಹುದಾದ ಪರಿಹಾರಗಳು

ತಮಿಳುನಾಡು ಸರ್ಕಾರವು 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಿಂದಾಗಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಓದುವ ಅನೇಕ ಮಕ್ಕಳ ಮನೆಗಳಿಗೆ ಮೊದಲ ಬಾರಿಗೆ ಗಣಕಯಂತ್ರವು ಬಂದಿತು. ದಿಂಡಿಗಲ್ ಜಿಲ್ಲೆಯ ನಿಲಕ್ಕೋಟ್ಟೈ, ತೇನಿ ಜಿಲ್ಲೆಯ ಕಂಬಂ ಮುಂತಾದ ಊರುಗಳ ಕನ್ನಡ ಮನೆಮಾತಿನ ಕುಟುಂಬಗಳಿಗೆ ಈ ಯಂತ್ರದಿಂದ ವಿಶೇಷವಾದ ಒಂದು ಪ್ರಯೋಜನವಿದೆ. ಈ ಭಾಗದ ಕಪ್ಪಿಲಿಯ, ಅನುಪ್ಪ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಕನ್ನಡವನ್ನು ಆಡುತ್ತ ಬಂದಿದ್ದರೂ ಅಲ್ಲಿನ ಮಕ್ಕಳು ಓದುವುದು, ಬರೆಯುವುದು ಬಹುಮಟ್ಟಿಗೆ ತಮಿಳಿನಲ್ಲಿ. ಹೊಸೂರು, ತಾಳವಾಡಿ ಪ್ರದೇಶಗಳಲ್ಲಿರುವಂತೆ ಕನ್ನಡ ಪಠ್ಯಪುಸ್ತಕದ ಆಸರೆ ಇಲ್ಲಿನ ಮನೆಮಾತಿಗೆ ಇಲ್ಲ. ಹಿರಿಯರ ಬಾಯಲ್ಲಿರುವ ಮಾತು, ಹಾಡು, ಕಥೆಗಳನ್ನು ಧ್ವನಿಮುದ್ರಿಸಿ ಇಡುವುದೇ ಅದನ್ನು ಉಳಿಸುವ ಸುಲಭವಾದ ಮಾರ್ಗ.

ಹೀಗೆ ಮುದ್ರಿಸಿದ ಧ್ವನಿಯು ಸಾಮಾನ್ಯವಾಗಿ ಒಂದೇ ಲ್ಯಾಪ್‌ಟಾಪಿನಲ್ಲೋ ಒಂದೇ ಹಾರ್ಡ್ ಡಿಸ್ಕಿನಲ್ಲೋ ಇರುತ್ತದೆ. ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ತೀರಿಹೋದ ಅಜ್ಜಿಯ ಧ್ವನಿಯನ್ನು ಮತ್ತೆ ಪಡೆಯಲಾಗದು. ಆದುದರಿಂದ ದೋಷನಿವಾರಣೆಯಲ್ಲಿ ಮೊದಲು ಕಡತವನ್ನು ರಕ್ಷಿಸಬೇಕು, ಅನಂತರ ಯಂತ್ರವನ್ನು ಸರಿಪಡಿಸಬೇಕು. ಈ ಲೇಖನದ ಸೂಚನೆಗಳೆಲ್ಲವೂ ಈ ಒಂದು ನಿಯಮವನ್ನು ಅನುಸರಿಸುತ್ತವೆ.

ಪರೀಕ್ಷಿಸುವ ಕ್ರಮ

ತೊಂದರೆ ಕಂಡಾಗ ಹೊರಗಿನಿಂದ ಒಳಕ್ಕೆ ಹೋಗಬೇಕು. ಮೊದಲು ವಿದ್ಯುತ್ತು, ಆಮೇಲೆ ಕೇಬಲ್, ಆಮೇಲೆ ಪೋರ್ಟ್, ಆಮೇಲೆ ತಂತ್ರಾಂಶ, ಕೊನೆಯಲ್ಲಿ ಸಾಧನ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಕೇಬಲನ್ನೂ ಪೋರ್ಟನ್ನೂ ಒಟ್ಟಿಗೆ ಬದಲಾಯಿಸಿದರೆ ದೋಷವು ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ. ತೆರೆಯ ಮೇಲೆ ಸಂದೇಶವೇನಾದರೂ ಬಂದರೆ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು. ದುರಸ್ತಿ ಅಂಗಡಿಗೆ ಒಯ್ಯಬೇಕಾದಾಗ ಆ ಚಿತ್ರವು ಉಪಯೋಗಕ್ಕೆ ಬರುತ್ತದೆ.

ಲ್ಯಾಪ್‌ಟಾಪ್ ಆನ್ ಆಗದಿದ್ದಾಗ

ಚಾರ್ಜರಿನ ದೀಪವು ಉರಿಯುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಉರಿಯದಿದ್ದರೆ ಗೋಡೆಯ ಬೇರೊಂದು ಪ್ಲಗ್ಗಿನಲ್ಲಿ ಪರೀಕ್ಷಿಸಬೇಕು. ಬೇರೆ ಚಾರ್ಜರನ್ನು ಬಳಸುವುದಾದರೆ ಅದರ ಮೇಲೆ ಮುದ್ರಿಸಿರುವ ವೋಲ್ಟ್ ಸಂಖ್ಯೆಯು ಹಳೆಯದರಷ್ಟೇ ಇರಬೇಕು. ಆಂಪಿಯರ್ ಸಂಖ್ಯೆ ಅಷ್ಟೇ ಅಥವಾ ಹೆಚ್ಚು ಇರಬಹುದು. ಪಿನ್ ಹೊಂದಿದ ಮಾತ್ರಕ್ಕೆ ಚಾರ್ಜರ್ ಹೊಂದುತ್ತದೆ ಎಂದು ಭಾವಿಸಬಾರದು.

ದೀಪವು ಉರಿಯುತ್ತಿದ್ದು ಯಂತ್ರ ಚಲಿಸದಿದ್ದರೆ ಚಾರ್ಜರನ್ನು ತೆಗೆದು, ಬ್ಯಾಟರಿ ಕಳಚುವಂತಿದ್ದರೆ ಅದನ್ನೂ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡುಗಳ ಕಾಲ ಒತ್ತಿ ಹಿಡಿಯಬೇಕು. ಒಳಗೆ ಉಳಿದಿರುವ ವಿದ್ಯುದಂಶವು ಹೀಗೆ ಹೊರಹೋಗುತ್ತದೆ. ಬಳಿಕ ಚಾರ್ಜರನ್ನು ಮಾತ್ರ ಜೋಡಿಸಿ ಆನ್ ಮಾಡಿದರೆ ಅನೇಕ ಸಲ ಯಂತ್ರವು ಚಾಲನೆಗೊಳ್ಳುತ್ತದೆ. ಫ್ಯಾನ್ ತಿರುಗಿದರೂ ತೆರೆ ಕಪ್ಪಾಗಿದ್ದರೆ ಎಚ್.ಡಿ.ಎಂ.ಐ. ಕೇಬಲ್ ಮೂಲಕ ಮನೆಯ ಟಿ.ವಿ.ಗೆ ಜೋಡಿಸಿ ನೋಡಬೇಕು. ಟಿ.ವಿ.ಯಲ್ಲಿ ಚಿತ್ರ ಮೂಡಿದರೆ ದೋಷವು ತೆರೆಯದು, ಕಡತಗಳು ಕ್ಷೇಮವಾಗಿವೆ.

ಬ್ಯಾಟರಿ ಉಬ್ಬಿ ಕೀಲಿಮಣೆಯೋ ಟಚ್‌ಪ್ಯಾಡೋ ಮೇಲೆದ್ದಿದ್ದರೆ ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸಬೇಕು. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಕಾರಣವಾಗುತ್ತದೆ. ಈ ಕೆಲಸವನ್ನು ಮಕ್ಕಳ ಕೈಗೆ ಬಿಡಬಾರದು.

ಯಂತ್ರವು ಆನ್ ಆಗಿಯೂ ವಿಂಡೋಸ್ ತೆರೆಯದಿದ್ದರೆ ಅದನ್ನು ಹೊಸದಾಗಿ ಹಾಕಿಸಲು ಅವಸರಪಡಬಾರದು. ಹೊಸದಾಗಿ ಹಾಕುವಾಗ ಹಳೆಯ ಕಡತಗಳು ಅಳಿದುಹೋಗುವ ಸಂಭವವಿದೆ. ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಯಂತ್ರವನ್ನು ಆರಂಭಿಸಿದರೆ ಒಳಗಿನ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿದ ಬಾಸ್ ಲಿನಕ್ಸ್ ಕೂಡ ಇಂತಹುದೇ ಒಂದು ಉಚಿತ ವ್ಯವಸ್ಥೆ. ನಕಲು ಮುಗಿದ ಮೇಲೆ ವಿಂಡೋಸ್ ಹಾಕಿಸಲು ಅಡ್ಡಿಯಿಲ್ಲ.

ಹಾರ್ಡ್ ಡಿಸ್ಕ್ ಕಾಣಿಸದಿದ್ದಾಗ

ಕೈಯಲ್ಲಿ ಹಿಡಿಯುವ ಚಿಕ್ಕ ಹಾರ್ಡ್ ಡಿಸ್ಕುಗಳಿಗೆ ಪ್ರತ್ಯೇಕ ವಿದ್ಯುತ್ತಿಲ್ಲ; ಅವು ಯು.ಎಸ್.ಬಿ. ಪೋರ್ಟಿನಿಂದಲೇ ಅದನ್ನು ಪಡೆಯುತ್ತವೆ. ಯು.ಎಸ್.ಬಿ. 2.0 ಪೋರ್ಟ್ 500 ಮಿಲಿ ಆಂಪಿಯರ್, 3.0 ಪೋರ್ಟ್ 900 ಮಿಲಿ ಆಂಪಿಯರ್ ಕೊಡುವಂತೆ ನಿಗದಿಯಾಗಿದೆ. ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಹಳೆಯ ಪೋರ್ಟ್, ಉದ್ದನೆಯ ಕೇಬಲ್ ಅಥವಾ ಹಲವು ಸಾಧನಗಳನ್ನು ಹಂಚಿಕೊಂಡ ಹಬ್ ಇದ್ದರೆ ಅಷ್ಟು ಸಿಕ್ಕದೆ ಡಿಸ್ಕ್ ಸೋಲುತ್ತದೆ. ಆದುದರಿಂದ ಹಬ್ಬನ್ನು ತೆಗೆದು, ಗಿಡ್ಡ ಕೇಬಲಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಬೇಕು. ಕೆಟ್ಟುಹೋಗಿದೆಯೆಂದು ಮೂಲೆಗೆ ಸೇರಿದ ಡಿಸ್ಕು ಕೇಬಲ್ ಬದಲಾಯಿಸಿದೊಡನೆ ತೆರೆದುಕೊಳ್ಳುವುದುಂಟು.

ದೀಪ ಉರಿದು ಡಿಸ್ಕ್ ತಿರುಗುತ್ತಿದ್ದರೂ ಹೆಸರು ಕಾಣದಿದ್ದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಪುಟವನ್ನು ತೆರೆದು ನೋಡಬೇಕು. ಅಲ್ಲಿ ಡಿಸ್ಕ್ ಕಂಡು, ಅದಕ್ಕೆ ಡ್ರೈವ್ ಅಕ್ಷರವಿಲ್ಲದಿದ್ದರೆ ಅಕ್ಷರವನ್ನು ಕೊಟ್ಟರೆ ಸಾಕು, ಕಡತಗಳಿಗೆ ಹಾನಿಯಾಗದು. ಅದೇ ಪುಟದಲ್ಲಿ ಇನಿಶಿಯಲೈಸ್, ಫಾರ್ಮ್ಯಾಟ್ ಎಂಬ ಆಯ್ಕೆಗಳೂ ಇರುತ್ತವೆ. ಅವುಗಳನ್ನು ಮುಟ್ಟಬಾರದು.

‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಿದಾಗ

ಡಿಸ್ಕ್ ಜೋಡಿಸಿದಾಗ ಬರುವ ಈ ಪ್ರಶ್ನೆಗೆ ‘ಬೇಡ’ ಎಂಬುದೇ ಉತ್ತರ. ಪುಸ್ತಕದ ಪರಿವಿಡಿ ಹರಿದುಹೋದರೂ ಅಧ್ಯಾಯಗಳು ಒಳಗೆ ಉಳಿದಿರುವಂತೆ, ಇಂತಹ ಡಿಸ್ಕಿನಲ್ಲಿ ಕಡತಗಳ ಪಟ್ಟಿ ಮಾತ್ರ ಕೆಟ್ಟಿದ್ದು ಕಡತಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಫಾರ್ಮ್ಯಾಟ್ ಮಾಡುವುದೆಂದರೆ ಹೊಸ ಪರಿವಿಡಿಯನ್ನು ಬರೆಯುವುದು. ಹೀಗೆ ಬರೆದುದು ಹಳೆಯದನ್ನು ಮುಚ್ಚುತ್ತದೆ. ಚೆಕ್‌ಡಿಸ್ಕ್ ಎಂಬ ತಿದ್ದುವ ಉಪಕರಣವೂ ಡಿಸ್ಕಿನ ಮೇಲೆ ಬರೆಯುವುದರಿಂದ, ನಕಲು ತೆಗೆದ ಮೇಲೆಯೇ ಅದನ್ನು ಬಳಸಬೇಕು. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳು ಇಂತಹ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯಬಲ್ಲವು. ತೆಗೆದ ಕಡತಗಳನ್ನು ಅದೇ ಡಿಸ್ಕಿಗೆ ಹಾಕದೆ ಬೇರೊಂದಕ್ಕೆ ಹಾಕಬೇಕು.

ಡಿಸ್ಕಿನಿಂದ ‘ಟಕ್ ಟಕ್’ ಎಂಬ ಸದ್ದು ಕೇಳಿಬಂದರೆ ಮೊದಲು ಪೋರ್ಟ್ ಮತ್ತು ಕೇಬಲ್ ಬದಲಾಯಿಸಬೇಕು, ಏಕೆಂದರೆ ವಿದ್ಯುತ್ತಿನ ಕೊರತೆಯಿಂದಲೂ ಅಂತಹ ಸದ್ದು ಬರುತ್ತದೆ. ಆಗಲೂ ನಿಲ್ಲದಿದ್ದರೆ ಕೂಡಲೇ ಡಿಸ್ಕನ್ನು ತೆಗೆದಿಡಬೇಕು. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಾಗ ಓದುವ ತಲೆಯು ಅದನ್ನು ಮುಟ್ಟದೆ ಕೂದಲೆಳೆಗಿಂತಲೂ ಅತಿ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಕೆಟ್ಟ ತಲೆಯು ತಟ್ಟೆಗೆ ತಾಗಿದಂತೆಲ್ಲ ಕಡತಗಳು ಶಾಶ್ವತವಾಗಿ ನಾಶವಾಗುತ್ತವೆ. ಮನೆಯಲ್ಲಿ ಬಿಚ್ಚಿದರೆ ಒಳಹೊಕ್ಕ ಧೂಳಿನ ಒಂದು ಕಣವೇ ಸಾಕು. ಫ್ರಿಜ್ಜಿನಲ್ಲಿ ಇಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬಾರದು. ಒಳಗೆ ತೇವ ಸೇರಿ ಹಾನಿ ಹೆಚ್ಚುತ್ತದೆ. ಇಲ್ಲಿಂದ ಮುಂದಿನದು ತಜ್ಞರ ಕೆಲಸ.

ಕಳೆದುಹೋಗದೆ ಕಾಣದಿರುವ ಕಡತಗಳು

ಕೆಲವು ಸಂದರ್ಭಗಳಲ್ಲಿ ಸಾಧನವೂ ಸರಿಯಾಗಿರುತ್ತದೆ, ಕಡತವೂ ಇರುತ್ತದೆ; ಆದರೂ ಕೆಟ್ಟಂತೆ ತೋರುತ್ತದೆ. ಕನ್ನಡ ಉಪಾಧ್ಯಾಯರಿಗೆ ಹೆಚ್ಚಾಗಿ ಎದುರಾಗುವುದು ಅಕ್ಷರದ ತೊಂದರೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಾಠಗಳು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಇದು ಡಿಸ್ಕಿನ ದೋಷವಲ್ಲ. ಸಂಬಂಧಿಸಿದ ಫಾಂಟನ್ನು ಹಾಕಿದೊಡನೆ ಕನ್ನಡವು ಮರಳುತ್ತದೆ. ಅಂತಹ ಕಡತವನ್ನು ಅಳಿಸದೆ, ಪರಿವರ್ತಕದ ಸಹಾಯದಿಂದ ಯೂನಿಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳಬೇಕು. ಆಗ ಅದು ಮೊಬೈಲಿನಲ್ಲಿಯೂ ತೆರೆಯುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಬಳಸಿ ತಂದ ಪೆನ್ ಡ್ರೈವಿನಲ್ಲಿ ಕಡತಗಳ ಬದಲು ಶಾರ್ಟ್‌ಕಟ್‌ಗಳು ಮಾತ್ರ ಕಂಡರೆ ಅದು ವೈರಸ್ಸಿನ ಕೆಲಸ. ಶಾರ್ಟ್‌ಕಟ್‌ಗಳನ್ನು ಒತ್ತಬಾರದು. ಮೊದಲು ವೈರಸ್ ತಪಾಸಣೆ ನಡೆಸಿ, ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ಹಿಡನ್ ಐಟಮ್ಸ್ ಎಂಬುದನ್ನು ಗುರುತಿಸಿದರೆ ಅಡಗಿದ ಕಡತಗಳು ಕಾಣುತ್ತವೆ.

ಜಾಗವಿದ್ದರೂ ದೀರ್ಘವಾದ ವಿಡಿಯೊ ನಕಲಾಗದಿದ್ದರೆ ಡಿಸ್ಕು ಫ್ಯಾಟ್ 32 ವಿನ್ಯಾಸದಲ್ಲಿ ಇರಬಹುದು. ಅದರಲ್ಲಿ 4 ಜಿ.ಬಿ.ಗಿಂತ ದೊಡ್ಡ ಕಡತವು ಹಿಡಿಯುವುದಿಲ್ಲ. 1 ಟಿ.ಬಿ. ಡಿಸ್ಕು 931 ಜಿ.ಬಿ. ಎಂದು ತೋರಿಸುವುದು ಸಹ ದೋಷವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ.

ಮುಂಜಾಗ್ರತೆ

ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಕಾಲದಲ್ಲಿ ಗುಡುಗು ಕೇಳಿದೊಡನೆ ಚಾರ್ಜರನ್ನು ಗೋಡೆಯಿಂದ ಕಳಚಬೇಕು. ಬೇಸಿಗೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬುಗಳ ಮೇಲೆ ಇಡದೆ ಮಣೆ ಅಥವಾ ಮೇಜಿನ ಮೇಲೆ ಇಡಬೇಕು. ಬಿಸಿಗಾಳಿ ಹೊರಬರುವ ಕಿಂಡಿ ಮುಚ್ಚಬಾರದು. ಡಿಸ್ಕನ್ನು ತೆಗೆಯುವ ಮುನ್ನ ಇಜೆಕ್ಟ್ ಆಯ್ಕೆಯನ್ನು ಒತ್ತಬೇಕು. ನಕಲು ಮುಗಿದಂತೆ ಕಂಡರೂ ಕೊನೆಯ ಭಾಗವು ಇನ್ನೂ ಬರೆಯಲ್ಪಡುತ್ತಿರಬಹುದು. ತಿರುಗುತ್ತಿರುವ ಡಿಸ್ಕನ್ನು ಅಲುಗಾಡಿಸಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಪ್ರತಿಗಳು. ಕಡತಕ್ಕೆ 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಬೇರೆ ಸ್ಥಳದಲ್ಲಿ ಎಂಬ ನಿಯಮವು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮನೆಯ ಮಟ್ಟಿಗೆ ಇದು ಕಷ್ಟವಲ್ಲ: ಲ್ಯಾಪ್‌ಟಾಪಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ಬಂಧುಗಳ ಬಳಿಯೋ ಇಂಟರ್‌ನೆಟ್ ಸಂಗ್ರಹದಲ್ಲೋ ಒಂದು. ಲ್ಯಾಪ್‌ಟಾಪಿನಿಂದ ಅಳಿಸಿ ಡಿಸ್ಕಿಗೆ ಸಾಗಿಸಿದರೆ ಅದು ಎರಡನೆಯ ಪ್ರತಿಯಾಗುವುದಿಲ್ಲ. ಇದ್ದ ಒಂದೇ ಪ್ರತಿಯ ಸ್ಥಳ ಬದಲಾದಂತೆ. ಆರು ತಿಂಗಳಿಗೊಮ್ಮೆ ಪ್ರತಿಯೊಂದು ಪ್ರತಿಯನ್ನೂ ತೆರೆದು ಕೇಳಬೇಕು.

ತರಗತಿಯ ಚಟುವಟಿಕೆ

1. ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರೊಬ್ಬರ ಮಾತು, ಹಾಡು ಅಥವಾ ಕಥೆಯನ್ನು ಅವರ ಒಪ್ಪಿಗೆ ಪಡೆದು ಐದು ನಿಮಿಷ ಧ್ವನಿಮುದ್ರಿಸಲಿ. ಕಡತದ ಹೆಸರಿನಲ್ಲಿ ಊರು, ದಿನಾಂಕ, ವಿಷಯಗಳು ಇರಲಿ.

2. ಆ ಕಡತದ ಮೂರು ಪ್ರತಿಗಳನ್ನು ಮಾಡಿ, ಅವು ಎಲ್ಲೆಲ್ಲಿ ಇವೆಯೆಂದು ನೋಟ್‌ಬುಕ್ಕಿನಲ್ಲಿ ಬರೆಯಲಿ.

3. ‘ಡಿಸ್ಕ್ ಕಾಣುತ್ತಿಲ್ಲ’ ಎಂಬ ಸನ್ನಿವೇಶವನ್ನು ಉಪಾಧ್ಯಾಯರು ಕೊಟ್ಟು, ಪರೀಕ್ಷಿಸುವ ಕ್ರಮವನ್ನು ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಹೇಳಿಸಲಿ. ಮನೆಮಾತಿನ ಪದಗಳನ್ನು ಬಳಸಿದರೆ ತಿದ್ದದೆ, ಅವುಗಳನ್ನು ಕರಿಹಲಗೆಯ ಮೇಲೆ ಗ್ರಂಥಭಾಷೆಯ ಪದಗಳ ಪಕ್ಕದಲ್ಲಿ ಬರೆಯಲಿ.