‘ರನ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವಿಸ್ತಾರ

ಇಂಗ್ಲಿಷ್ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಲ ಪಾಠಗಳಲ್ಲಿಯೇ ಪರಿಚಿತವಾಗುವ ಕ್ರಿಯಾಪದಗಳಲ್ಲಿ ‘ರನ್’ ಎಂಬುದೂ ಒಂದು. ‘ರನ್ ಎಂದರೆ ಓಡು’ ಎಂದು ಅವನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಮುಂದೆ ಆ ಭಾಷೆಯ ಗ್ರಂಥಗಳನ್ನು ಓದುವಾಗ ನದಿ, ರಸ್ತೆ, ಯಂತ್ರ, ಅಂಗಡಿ, ನಾಟಕ, ನೆಗಡಿಯಾದ ಮೂಗು ಇವೆಲ್ಲಕ್ಕೂ ಈ ಒಂದೇ ಪದವು ಸಲ್ಲುವುದನ್ನು ಕಂಡು ಬೆರಗಾಗುತ್ತಾನೆ. ಈ ಬಹ್ವರ್ಥವು ಕೇವಲ ಅವ್ಯವಸ್ಥೆಯೇ, ಅಥವಾ ಇದಕ್ಕೊಂದು ಕ್ರಮವುಂಟೇ ಎಂಬುದು ಭಾಷಾಂತರಕಾರರೂ ಉಪಾಧ್ಯಾಯರೂ ವಿಚಾರಿಸಬೇಕಾದ ವಿಷಯವಾಗಿದೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಸಂಚಿಕೆಯು 1884ರಲ್ಲಿ ಹೊರಬಿದ್ದು, ಆ ಮಹಾಕಾರ್ಯವು 1928ರಲ್ಲಿ ಮುಗಿಯಿತು. ಅದರಲ್ಲಿ ಅತ್ಯಂತ ದೀರ್ಘವಾದ ವಿವರಣೆಯನ್ನು ಪಡೆದ ಪದವು ‘ಸೆಟ್’. ಮೂರನೆಯ ಆವೃತ್ತಿಗಾಗಿ ನಡೆದ ಪರಿಷ್ಕರಣದಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಕ್ರಿಯಾಪದವೊಂದಕ್ಕೇ 645 ಅರ್ಥಭೇದಗಳು ಗಣನೆಗೆ ಬಂದುವೆಂದು 2011ರಲ್ಲಿ ಪ್ರಕಟವಾಯಿತು.

ಇಷ್ಟು ಅರ್ಥಗಳ ಮೂಲವನ್ನು ಪದದ ಚರಿತ್ರೆಯಲ್ಲಿ ಅರಸಬೇಕು. ಪ್ರಾಚೀನ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ಅಕರ್ಮಕ ಧಾತುವಿದ್ದಿತು. ವರ್ಣವ್ಯತ್ಯಯದಿಂದ ಇದು ‘ಇರ್ನನ್’ ಎಂದೂ ಬಳಕೆಯಲ್ಲಿದ್ದಿತು. ಪ್ರಾಣಿಯ ಓಟಕ್ಕೂ ನೀರಿನ ಹರಿವಿಗೂ ಇದು ಸಮಾನವಾಗಿ ಸಲ್ಲುತ್ತಿದ್ದಿತು. ಇದಕ್ಕೆ ಜ್ಞಾತಿಯಾದ ಜರ್ಮನ್ ಭಾಷೆಯಲ್ಲಿ ಹರಿಯುವುದಕ್ಕೆ ‘ರಿನ್ನೆನ್’, ಓಡುವುದಕ್ಕೆ ‘ರೆನ್ನೆನ್’ ಎಂಬ ಎರಡು ರೂಪಗಳು ಇಂದಿಗೂ ಬೇರೆಬೇರೆಯಾಗಿ ನಿಂತಿವೆ. ಎರಡನೆಯದು ಮೂಲತಃ ಮೊದಲನೆಯದರ ಪ್ರೇರಣಾರ್ಥಕ ರೂಪ. ಇಂಗ್ಲಿಷಿನಲ್ಲಿಯಾದರೋ ಅಕರ್ಮಕವೂ ಪ್ರೇರಣಾರ್ಥಕವೂ ಕಾಲಕ್ರಮದಲ್ಲಿ ಬೆರೆತು ಒಂದೇ ಪದವಾದುವು. ಆದುದರಿಂದ ‘ನದಿಯು ಓಡುತ್ತದೆ’ ಎಂಬ ಇಂಗ್ಲಿಷ್ ಪ್ರಯೋಗವು ಮನುಷ್ಯನ ಓಟದಿಂದ ಹುಟ್ಟಿದ ಅಲಂಕಾರವೆಂದು ಭಾವಿಸುವುದು ಸರಿಯಲ್ಲ. ಅಲ್ಲಿ ಹರಿವು ವಾಚ್ಯಾರ್ಥವೇ ಹೊರತು ಲಕ್ಷ್ಯಾರ್ಥವಲ್ಲ. ಮೂಗು ಸುರಿಯುವುದು, ತೊಯ್ದ ಬಟ್ಟೆಯ ಬಣ್ಣ ಬಿಡುವುದು, ಇವು ಈ ಕವಲಿಗೆ ಸೇರಿದುವು.

ಪ್ರೇರಣಾರ್ಥದಿಂದ ಎರಡನೆಯ ಕವಲು ಒಡೆಯಿತು. ಕುದುರೆಯನ್ನು ಓಡಿಸಿದಂತೆ ಯಂತ್ರವನ್ನೂ ನಡೆಸಬಹುದು. ಯಂತ್ರವನ್ನು ನಡೆಸಿದಂತೆ ವ್ಯಾಪಾರವನ್ನೂ ಸಂಸ್ಥೆಯನ್ನೂ ನಡೆಸಬಹುದು. ಈ ಕೊನೆಯ ಅರ್ಥವು 19ನೆಯ ಶತಮಾನದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದಿತು. ಚುನಾವಣೆಗೆ ಸ್ಪರ್ಧಿಸುವವನು ಅಮೆರಿಕದಲ್ಲಿ ‘ಓಡುತ್ತಾನೆ’, ಇಂಗ್ಲೆಂಡಿನಲ್ಲಿ ‘ನಿಲ್ಲುತ್ತಾನೆ’. ಕನ್ನಡಿಗರೂ ಚುನಾವಣೆಗೆ ‘ನಿಲ್ಲುವ’ವರೇ. ಗಣಕಯಂತ್ರವು ಬಂದ ಮೇಲೆ ಅದರ ಕ್ರಮವಿಧಿಗೂ ಇದೇ ಕ್ರಿಯಾಪದವು ಅನಾಯಾಸವಾಗಿ ಹೊಂದಿಕೊಂಡಿತು.

ನಾಮಪದವಾಗಿಯೂ ಇದರ ವ್ಯಾಪ್ತಿ ಹಿರಿದು. ಠೇವಣಿದಾರರು ಭೀತಿಯಿಂದ ಒಮ್ಮೆಗೇ ಬ್ಯಾಂಕಿಗೆ ನುಗ್ಗಿ ಹಣವನ್ನು ಹಿಂದಕ್ಕೆ ಕೇಳುವುದೂ ‘ರನ್’. ನಾಟಕವು ಎಡೆಬಿಡದೆ ಪ್ರದರ್ಶಿತವಾಗುವ ಅವಧಿಯೂ ‘ರನ್’. ಕ್ರಿಕೆಟ್ ಆಟದಲ್ಲಿ 18ನೆಯ ಶತಮಾನದವರು ಕೋಲಿನ ಮೇಲೆ ಕಚ್ಚು ಹಾಕಿ ಎಣಿಸುತ್ತಿದ್ದುದರಿಂದ ಗಳಿಕೆಗೆ ‘ಕಚ್ಚು’ ಎಂಬರ್ಥದ ಪದವೇ ಇದ್ದಿತು. ಕ್ರಮೇಣ ಓಟದ ಹೆಸರೇ ಗಳಿಕೆಗೂ ನಿಂತಿತು. ಇಂದು ಚೆಂಡು ಗೆರೆಯನ್ನು ದಾಟಿದರೆ ಆಟಗಾರನು ಓಡದೆಯೂ ‘ರನ್’ ಪಡೆಯುತ್ತಾನೆ. ಮೂಲಕ್ರಿಯೆ ಬಿಟ್ಟುಹೋದರೂ ಹೆಸರು ಉಳಿಯುವುದಕ್ಕೆ ಇದು ಉತ್ತಮ ನಿದರ್ಶನ.

ಬಹ್ವರ್ಥವು ಇಂಗ್ಲಿಷಿಗೆ ಮಾತ್ರ ವಿಶಿಷ್ಟವಾದುದಲ್ಲ. ಕನ್ನಡದ ‘ನಡೆ’ಯನ್ನು ನೋಡಬಹುದು: ಮಗು ನಡೆಯುತ್ತದೆ, ಮದುವೆ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಕೊಟ್ಟ ಮಾತಿನಂತೆ ನಡೆಯುತ್ತಾರೆ, ಒಬ್ಬರ ಮಾತು ಮನೆಯಲ್ಲಿ ನಡೆಯುತ್ತದೆ. ‘ಓಡು’ ಸಹ ಸಾಮಾನ್ಯವಲ್ಲ: ಬಂಡಿ ಓಡುತ್ತದೆ, ಚಲನಚಿತ್ರ ನೂರು ದಿನ ಓಡುತ್ತದೆ, ಹೊತ್ತಿಗೆ ತಲೆ ಓಡುವುದಿಲ್ಲ. ಆದರೆ ಎರಡು ಭಾಷೆಗಳೂ ತಮ್ಮ ಅರ್ಥಕ್ಷೇತ್ರಕ್ಕೆ ಗಡಿ ಹಾಕಿರುವುದು ಬೇರೆಬೇರೆ ಕಡೆಗಳಲ್ಲಿ. ಇಂಗ್ಲಿಷಿನ ಒಂದು ಪದವು ಆಳುವ ಪ್ರದೇಶವನ್ನು ಕನ್ನಡದಲ್ಲಿ ಓಡು, ಹರಿ, ನಡೆ, ಸುರಿ, ಹಾಯು ಮೊದಲಾದುವು ಹಂಚಿಕೊಂಡಿವೆ. ಪ್ರೇರಣಾರ್ಥವನ್ನು ಇಂಗ್ಲಿಷ್ ಪ್ರತ್ಯಯವಿಲ್ಲದೆ ಸಾಧಿಸಿದರೆ, ಕನ್ನಡವು ‘ಇಸು’ ಪ್ರತ್ಯಯದಿಂದ ಓಡಿಸು, ಹರಿಸು, ನಡೆಸು ಎಂದು ಸ್ಪಷ್ಟಪಡಿಸುತ್ತದೆ.

ಈ ಭೇದವನ್ನು ಗಮನಿಸದ ಭಾಷಾಂತರದಲ್ಲಿ ‘ಅವನು ಶಾಲೆಯನ್ನು ಓಡಿಸುತ್ತಾನೆ’, ‘ರಸ್ತೆಯು ಕಾಡಿನೊಳಗೆ ಓಡುತ್ತದೆ’ ಎಂಬಂಥ ವಾಕ್ಯಗಳು ನುಸುಳುತ್ತವೆ. ಅವುಗಳಲ್ಲಿ ವ್ಯಾಕರಣದೋಷವಿಲ್ಲ, ಆದರೂ ಅವು ಕನ್ನಡವಲ್ಲ. ಇಂತಹ ಕ್ರಿಯಾಪದದ ಅರ್ಥವನ್ನು ನಿರ್ಣಯಿಸುವುದು ಅದರ ಕರ್ತೃಪದ ಮತ್ತು ಕರ್ಮಪದ. ಓಡುವುದು ಯಾವುದು, ಓಡಿಸಲ್ಪಡುವುದು ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ವಸ್ತುವಿಗೆ ಕನ್ನಡವು ಯಾವ ಕ್ರಿಯೆಯನ್ನು ಕೊಟ್ಟಿದೆಯೆಂದು ಅರಸುವುದೇ ಸರಿಯಾದ ಮಾರ್ಗ. ಉಪಾಧ್ಯಾಯರು ‘ರನ್ ಎಂದರೆ ಓಡು’ ಎಂದು ಪದಕ್ಕೆ ಪದವನ್ನು ಕೊಡುವ ಬದಲು, ನದಿ, ಯಂತ್ರ, ಅಂಗಡಿ ಎಂದು ವಾಕ್ಯಗಳ ಮೂಲಕ ಕಲಿಸಿದರೆ, ವಿದ್ಯಾರ್ಥಿಗೆ ಇಂಗ್ಲಿಷಿನ ಮರ್ಮದೊಡನೆ ತನ್ನ ನುಡಿಯ ಸಂಪತ್ತೂ ತಿಳಿಯುವುದು.