ಅಮಲಿಗೆ ಮಿತಿ ಹಾಕುವವರು ಯಾರು?

ಹಿಟ್ನಾಳದ ಬಳಿ ಹೆದ್ದಾರಿ ಬಿಟ್ಟು ಹುಲಿಗಿ ಕಡೆ ಹೊರಳಿ, ತುಂಗಭದ್ರೆಯ ಎಡದಂಡೆಗುಂಟ ಹೋದರೆ ಸಣಾಪುರ, ಆನೆಗೊಂದಿ ಬರುತ್ತವೆ. ಹೆದ್ದಾರಿಯಲ್ಲೇ ಉತ್ತರಕ್ಕೆ ಸಾಗಿದರೆ ಕುಷ್ಟಗಿ ದಾಟಿ ಇಳಕಲ್. ಪಶ್ಚಿಮಕ್ಕೆ ಹೊರಳಿದರೆ ಕೊಪ್ಪಳ. ನಮ್ಮ ಭಾಗದ ಯುವಕರ ಅಮಲಿನ ಕಥೆ ಈ ಮೂರೂ ದಾರಿಗಳಲ್ಲಿ ಹರಡಿದೆ. ಮೊದಲ ದಾರಿಯಲ್ಲಿ ಗಾಂಜಾ ಹೊಗೆಗೆ ಹೆಸರಾದ ನಡುಗಡ್ಡೆ, ಎರಡನೆಯದರಲ್ಲಿ ಜನರ ಚಟಗಳನ್ನೇ ಭಿಕ್ಷೆ ಬೇಡಿದ ಸ್ವಾಮೀಜಿಯ ಮಠ, ಮೂರನೆಯದರಲ್ಲಿ ಜಿಲ್ಲಾಸ್ಪತ್ರೆ.

‘ಒಂದ್ಸಲ ಸೇದಿದ್ರ ಏನಾಕ್ಕೈತಿ?’ ಕಾಲೇಜು ಹುಡುಗರ ಈ ಮಾತನ್ನು ಉಡಾಫೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಸರ್ಕಾರಗಳು ನೂರಮೂವತ್ತು ವರ್ಷಗಳಿಂದ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ. ಕಾಲಕ್ಕೊಂದು ಉತ್ತರವನ್ನೂ ಕೊಟ್ಟಿವೆ.

1894ರ ಉತ್ತರ

ನದಿಯಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ಈಚೆಯ ಕೊಪ್ಪಳ ನಿಜಾಮರ ರಾಜ್ಯದಲ್ಲಿ ಇದ್ದ ಕಾಲ. ಭಾರತದಲ್ಲಿ ಗಾಂಜಾ ಬಳಕೆಯ ಬಗ್ಗೆ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ, 1893ರಲ್ಲಿ ಇಲ್ಲಿನ ಸರ್ಕಾರ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಅದರಲ್ಲಿ ಮೂವರು ಭಾರತೀಯ ಸದಸ್ಯರೂ ಇದ್ದರು. ಆಯೋಗ ದೇಶ ಸುತ್ತಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, 1894ರಲ್ಲಿ ಸಂಪುಟಗಟ್ಟಲೆ ವರದಿ ಕೊಟ್ಟಿತು. ಹಿತಮಿತ ಬಳಕೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿ ಬಳಕೆ ದೇಹ ಮನಸ್ಸುಗಳನ್ನು ಕೆಡಿಸುತ್ತದೆ ಎಂಬುದು ಅದರ ತಾತ್ಪರ್ಯ. ಪೂರ್ಣ ನಿಷೇಧದ ಬದಲು ಲೈಸೆನ್ಸ್ ಮತ್ತು ತೆರಿಗೆಯ ಮೂಲಕ ಹಿಡಿತದಲ್ಲಿಡಲು ಅದು ಸೂಚಿಸಿತು.

ಈ ಉತ್ತರವನ್ನು ಆ ಕಾಲದ ಬದುಕಿನೊಳಗಿಟ್ಟು ಓದಬೇಕು. ಆಗ ಭಂಗಿಗೂ ಗಾಂಜಾಕ್ಕೂ ಒಂದು ಹೊತ್ತು, ಒಂದು ಜಾಗ ಇರುತ್ತಿತ್ತು: ಹೋಳಿಹುಣ್ಣಿಮೆ, ಜಾತ್ರೆ, ಸಾಧುಗಳ ಚಿಲುಮೆಯ ಸುತ್ತಿನ ಕೂಟ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಬಳಕೆಯಾಗುವುದನ್ನು 2020ರಲ್ಲೂ ಪತ್ರಿಕೆಗಳು ವರದಿ ಮಾಡಿದ್ದವು. ಜಾತ್ರೆ ಮುಗಿದರೆ ಬಳಕೆಯೂ ಮುಗಿಯಬೇಕು ಎಂಬ ಕಟ್ಟುಪಾಡನ್ನು ಊರೇ ಹಾಕುತ್ತಿತ್ತು. ಎಲ್ಲರೂ ಅದಕ್ಕೆ ಬಗ್ಗುತ್ತಿದ್ದರು ಎಂದಲ್ಲ. ಆದರೆ ಮಿತಿ ದಾಟಿದವನು ಊರವರ ಕಣ್ಣಿಗೆ ಬೀಳುತ್ತಿದ್ದ.

1985ರ ಎರಡು ಆರಂಭಗಳು

1961ರಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಬಂತು. ವೈದ್ಯಕೀಯವಲ್ಲದ ಗಾಂಜಾ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂದು ಅದು ಹೇಳಿತು. ಆ ಗಡುವು ಹತ್ತಿರವಾದಾಗ ಭಾರತ ರೂಪಿಸಿದ ಎನ್‌ಡಿಪಿಎಸ್ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂತು. ಗಿಡದ ಹೂವಿನ ತುದಿ ಗಾಂಜಾ, ಅದು ಅಪರಾಧ. ಹೂವಿಲ್ಲದ ಬರಿ ಎಲೆ ಕಾಯ್ದೆಯ ಹೊರಗೆ. ಹಾಗಾಗಿ ಭಂಗಿ ಉಳಿಯಿತು. 2001ರಲ್ಲಿ ಕಾಯ್ದೆಗೆ ತೂಕದ ಲೆಕ್ಕವೂ ಸೇರಿ, ಗಾಂಜಾ ಒಂದು ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ ಎಂದಾಯಿತು. ಈ ತೂಕ ಶಿಕ್ಷೆಯನ್ನು ಅಳೆಯಲು ಇರುವುದು. ಹುಡುಗನೊಬ್ಬ ಎಷ್ಟು ಆಳಕ್ಕಿಳಿದಿದ್ದಾನೆ ಎಂಬುದನ್ನು ಅದು ತೋರಿಸದು.

ಅದೇ 1985ರಲ್ಲಿ ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು ಪ್ರಯೋಗ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡುವುದು ಅದರ ಗುರಿ. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವನ್ನು ಆಧರಿಸಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಒಂದೇ ವರ್ಷ ಹುಟ್ಟಿದ ಈ ಎರಡರಲ್ಲಿ ಕಾಯ್ದೆಯ ಹೆಸರು ಮನೆಮನೆಗೂ ಗೊತ್ತು, ಚಿಕಿತ್ಸೆಯ ವಿಷಯ ಬಹಳ ಮನೆಗಳಿಗೆ ಇನ್ನೂ ಗೊತ್ತಿಲ್ಲ. ಮಗ ಚಟಕ್ಕೆ ಬಿದ್ದನೆಂದು ತಿಳಿದ ಕೂಡಲೇ ತಂದೆಯ ಮನಸ್ಸಿಗೆ ಮೊದಲು ಬರುವುದು ಪೊಲೀಸು ಮತ್ತು ಮಾನ. ಡಾಕ್ಟರು ನೆನಪಾಗುವುದು ಎಲ್ಲ ಮುಗಿದ ಮೇಲೆ.

ಗಡ್ಡೆಯಲ್ಲಿ ಬೆಳೆದ ರೂಢಿ

ವಿರುಪಾಪುರ ಗಡ್ಡೆ ಹಂಪಿಯ ಎದುರಿಗಿದ್ದರೂ ಗಂಗಾವತಿ ತಾಲ್ಲೂಕಿನ ಊರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. ದೇವಸ್ಥಾನದ ಊರಾದ ಹಂಪಿಯಲ್ಲಿ ಮದ್ಯ, ಮಾಂಸಕ್ಕೆ ಆಸ್ಪದವಿರಲಿಲ್ಲ. ದೋಣಿಯಲ್ಲಿ ಹೊಳೆ ದಾಟಿದರೆ ಭತ್ತದ ಗದ್ದೆ, ಬಂಡೆಗಳ ನಡುವೆ ಗುಡಿಸಲಿನಂಥ ರೆಸಾರ್ಟುಗಳು ಎದ್ದವು. ಗೋವಾದಿಂದ ಬರುವ ಯುರೋಪಿನವರು, ಸೇನಾಸೇವೆ ಮುಗಿಸಿ ತಿರುಗಾಟಕ್ಕೆ ಹೊರಟ ಇಸ್ರೇಲಿ ಯುವಕರು ಅಲ್ಲಿ ಬೀಡುಬಿಟ್ಟರು. ‘ಹಿಪ್ಪಿ ದ್ವೀಪ’ ಎಂಬ ಹೆಸರು ಬಿತ್ತು. ಹಿಂದೆಯೇ ಬೆಂಗಳೂರು, ಹೈದರಾಬಾದಿನ ಹುಡುಗ ಹುಡುಗಿಯರು ವಾರಾಂತ್ಯಕ್ಕೆ ಬರತೊಡಗಿದರು. ಸ್ಥಳೀಯರಿಗೆ ಇದು ದುಡಿಮೆಯ ದಾರಿಯಾಯಿತು: ದೋಣಿ, ಅಡುಗೆ, ಬಾಡಿಗೆ ಬೈಕು.

ಜಾತ್ರೆಯ ಕಟ್ಟುಪಾಡು ಕಳಚಿದ ಅಮಲು ಇಲ್ಲಿ ರಜೆಯ, ಸ್ವಾತಂತ್ರ್ಯದ ಗುರುತಾಗಿ ಕಂಡಿತು. ಸೇದಲು ಹಬ್ಬ ಬೇಕಿಲ್ಲ, ನೋಡುವ ಹಿರಿಯರಿಲ್ಲ. ಪ್ರವಾಸಿಗೆ ತಿರುಗಿ ಹೋಗುವ ಬಸ್ಸಿದೆ, ಸೋಮವಾರದ ಕೆಲಸವಿದೆ. ಅವನ ಬಳಕೆಗೆ ರಜೆಯೇ ಒಂದು ಕೊನೆ. ಅವನ ಪಕ್ಕ ಕೂತು ಕಲಿತ ಊರ ಹುಡುಗನಿಗೆ ಅಂಥ ಕೊನೆಯ ದಿನ ಇರುವುದಿಲ್ಲ. ಸಂಯಮವನ್ನು ಬರಿ ಮನೋಬಲದ ಮಾತಾಗಿ ಹೇಳುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ ಈ ರೆಸಾರ್ಟುಗಳು ಅಕ್ರಮವೆಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಸ್ಮಾರಕಗಳ ದೃಷ್ಟಿಯಿಂದ ಅದು ಬೇಕಾದ ಕ್ರಮ. ಪ್ರವಾಸೋದ್ಯಮ ಸಣಾಪುರ, ಆನೆಗೊಂದಿಯ ಕಡೆ ಸರಿಯಿತು. ಗೋಡೆ ಕೆಡವಿದ ಮಾತ್ರಕ್ಕೆ ರೂಢಿ ಅಳಿಯುವುದಿಲ್ಲ.

ಇಳಕಲ್ಲಿನ ಜೋಳಿಗೆ

ಕಾಯ್ದೆಗಿಂತ ಹತ್ತು ವರ್ಷ ಮೊದಲೇ, 1975ರಲ್ಲಿ, ಚಿತ್ತರಗಿ–ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಹಳ್ಳಿಗಳಿಗೆ ಹೊರಟಿದ್ದರು. ಅವರು ಕೇಳಿದ್ದು ದವಸ ಧಾನ್ಯವನ್ನಲ್ಲ, ಕುಡಿತ, ಬೀಡಿ, ತಂಬಾಕಿನ ಚಟಗಳನ್ನು. ‘ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿ’ ಎಂಬ ಬೇಡಿಕೆಗೆ ಓಗೊಟ್ಟು ಜನ ಎಲ್ಲರೆದುರು ಆಣೆ ಮಾಡಿ ಚಟ ಬಿಟ್ಟರು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಜೋಳಿಗೆಯ ಶಕ್ತಿ ಇದ್ದದ್ದು ಅದು ಚಟದವನ ಮನೆಬಾಗಿಲಿಗೆ ಹೋದದ್ದರಲ್ಲಿ, ಅವನನ್ನು ಜರೆಯದೆ ಬೇಡಿಕೊಂಡದ್ದರಲ್ಲಿ. ಆದರೆ ಚಟ ಬೇರೂರಿದವನಿಗೆ ಆಣೆಯೊಂದೇ ಸಾಲದು. ನಿದ್ದೆ ಬರದು, ಕೈ ನಡುಗುತ್ತದೆ, ತಲುಬು ತಿರುಗಿ ಬರುತ್ತದೆ. ದಿನಾ ವಿಪರೀತ ಕುಡಿಯುವವನು ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಅಲ್ಲಿ ವೈದ್ಯರು ಬೇಕೇ ಬೇಕು.

ಮಿತಿ ತಪ್ಪಿದ್ದು ತಿಳಿಯುವುದು ಹೇಗೆ?

ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ. ಅವರಲ್ಲಿ ನೆರವು ಬೇಕಾದವರು ಸುಮಾರು 72 ಲಕ್ಷ. ಬಳಸಿದವರೆಲ್ಲ ವ್ಯಸನಿಗಳಾಗುವುದಿಲ್ಲ ಎಂಬುದು ನಿಜ; ಹುಡುಗರಿಗೆ ಇದನ್ನು ಮುಚ್ಚಿಟ್ಟರೆ ನಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ. ಆದರೆ ವಯಸ್ಸಿನ ಲೆಕ್ಕವನ್ನೂ ಅವರಿಗೆ ಹೇಳಬೇಕು. ಅಮೆರಿಕದ ಅಧ್ಯಯನಗಳಂತೆ ಗಾಂಜಾ ಬಳಸಿದ ಹತ್ತರಲ್ಲಿ ಸರಿಸುಮಾರು ಒಬ್ಬರು ವ್ಯಸನಕ್ಕೆ ಬೀಳುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಅದು ಆರರಲ್ಲಿ ಒಬ್ಬರು. ಹಿಂದುಮುಂದು ಯೋಚಿಸಿ ತಡೆಯುವ ಮಿದುಳಿನ ಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಿರುತ್ತದೆ. ಮಿತಿ ಕಾಯಬೇಕಾದ ಭಾಗವೇ ಇನ್ನೂ ಎಳೆಯದಾಗಿರುವಾಗ ‘ನಾನು ಮಿತಿಯಲ್ಲಿದ್ದೇನೆ’ ಎಂಬ ಭರವಸೆ ಗಟ್ಟಿಯಲ್ಲ.

ವೈದ್ಯರು ನೋಡುವ ಗುರುತುಗಳನ್ನು ಮನೆಯವರೂ ನೋಡಬಹುದು. ಬೇಕೇ ಬೇಕೆಂಬ ತಲುಬು. ಇಷ್ಟೇ ಎಂದುಕೊಂಡರೂ ನಿಲ್ಲಿಸಲಾಗದಿರುವುದು. ಮೊದಲಿನಷ್ಟಕ್ಕೆ ಅಮಲೇರದೆ ಹೆಚ್ಚು ಬೇಕಾಗುವುದು. ಬಿಟ್ಟಾಗ ಮೈಮನಸ್ಸಿನ ಸಂಕಟ. ಓದು, ಆಟ, ಗೆಳೆಯರು ಬೇಡವಾಗುವುದು. ಕೇಡು ಕಣ್ಣಿಗೆ ಕಂಡರೂ ಮುಂದುವರಿಸುವುದು. ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ.

ಕಾನೂನಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಕಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ. ಇದನ್ನು ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ನೇ ಹೇಳುತ್ತದೆ. ಟೆಲಿ ಮಾನಸ್‌ನ 14416, ನಶಾಮುಕ್ತ ಭಾರತದ 14446 ಸಂಖ್ಯೆಗಳಿಗೆ ದುಡ್ಡಿಲ್ಲದೆ ಕರೆ ಮಾಡಬಹುದು.

ಊರ ಕಟ್ಟುಪಾಡು ಸಡಿಲಿತು, ಕಾಯ್ದೆ ತೂಕ ಹಾಕಿತು, ಜೆಸಿಬಿ ಗೋಡೆ ಕೆಡವಿತು. ಹುಡುಗನೊಬ್ಬ ಮಿತಿ ತಪ್ಪಿದ್ದನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವನ ಅವ್ವ, ಅಣ್ಣ, ಅಕ್ಕ, ರೂಮಿನ ಗೆಳೆಯ. ಅವರು ಅದನ್ನು ಮಾನದ ಪ್ರಶ್ನೆ ಮಾಡದೆ, ಅದೇ ವಾರ ಅವನ ಜತೆಗೂಡಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ಹಾಗೆ ಹತ್ತಿದ ಮನೆಯವರನ್ನು ನಾವು, ಊರವರು, ಆಡಿಕೊಳ್ಳಬಾರದು.